ಬಣ್ಣ ಕುಡಿದ ಬಿಲ್ಲೆಗಳು

"ಗುರುಗಳೇ, ಜಪಕ್ಕೆ ಕೂತಾಗ ಮನಸ್ಸು ತಿಳಿಯಾಗುತ್ತದೆ. ಎದ್ದರೆ ಮತ್ತೆ ಕಲಕುತ್ತದೆ. ಯಾಕೆ?" ಎಂದು ಶಿಷ್ಯ ಕೇಳಿದ.

ಅವನು ಅವ್ವನ ಜೊತೆ ಜಗಳವಾಡಿ, ಹೇಳದೆ ಕೇಳದೆ ಮಠಕ್ಕೆ ಬಂದವನು. ಆ ಮಾತನ್ನು ಯಾರ ಮುಂದೆಯೂ ಎತ್ತಿರಲಿಲ್ಲ. ಆದರೆ ಮಧ್ಯಾಹ್ನದ ನಿದ್ದೆಯಲ್ಲಿ ಅವನು ಅವ್ವನನ್ನು ಕರೆಯುವುದು ಗುರುಗಳ ಕಿವಿಗೆ ಬಿದ್ದಿತ್ತು. ಅವರು ಈ ಕತೆ ಹೇಳಿದರು.

ಒಬ್ಬ ಹೆಣ್ಣುಮಗಳಿದ್ದಳು. ಅವಳನ್ನು ನೂಲಿಗೆ ಬಣ್ಣ ಹಾಕುವವರ ಮನೆಗೆ ಕೊಟ್ಟಿದ್ದರು. ತವರು ಅದೇ ಹಳ್ಳದ ಕೆಳಗಿನ ಊರು. ಬಣ್ಣದ ಮನೆಯಲ್ಲಿ ನೂಲು ತೊಳೆದ ನೀರು ಹಿತ್ತಲಿನ ಹೊಂಡಕ್ಕೆ ಬಂದು, ಹೊಂಡ ತುಂಬಿ ಹಳ್ಳಕ್ಕೆ ಸೇರಿ, ತವರಿನ ಕೆರೆ ಮುಟ್ಟುತ್ತಿತ್ತು. ಒಂದು ದಿನ ಕೆಂಪು, ಒಂದು ದಿನ ನೀಲಿ. ಅಲ್ಲಿಯ ದನಗಳು ನೀರಿಗೆ ಮೂತಿ ಇಡದೆ ಹಿಂದಿರುಗಿದವು. ಅವ್ವ ಹೇಳಿಕಳಿಸಿದಳು: "ನೀನು ಬಂದರೆ ಊರೆಲ್ಲ ಜಗಳಕ್ಕೆ ನನ್ನ ಬಾಗಿಲಿಗೆ ಬರುತ್ತದೆ. ಮೊದಲು ತಿಳಿನೀರು ಬರಲಿ, ಅದರ ಹಿಂದೆ ನೀನು ಬಾ."

ಅಂದಿನಿಂದ ಅವಳು ಸಂಜೆ ಹಳ್ಳದ ದಂಡೆಯಲ್ಲಿ ಕೂರುತ್ತಿದ್ದಳು. ಹೊಲಸು ನೀರಿಗೂ ತವರಿಗೆ ಹೋಗುವ ದಾರಿಯಿದೆ, ತನಗಿಲ್ಲ ಎಂದುಕೊಂಡು ನೋಡುತ್ತಿದ್ದಳು.

ಅವಳ ಕಷ್ಟ ಕಂಡ ಒಬ್ಬ ಕುಂಬಾರ, ನೀರು ತಿಳಿಯಾಗಲೆಂದು ಜೇಡಿಮಣ್ಣಿಗೆ ಬಿಳಿಯ ಪುಡಿಯೊಂದನ್ನು ಕಲಸಿ, ಬಿಲ್ಲೆ ತಟ್ಟಿ, ಸುಟ್ಟು ಕೊಟ್ಟ. "ಹೊಂಡದ ತಳಕ್ಕೆ ಹಾಸು. ಮೇಲೆ ನೀರು ತೆಳ್ಳಗೆ ನಿಲ್ಲಲಿ. ಬಿಸಿಲು ಬೀಳಲಿ" ಎಂದ.

ಅವಳು ಹಾಸಿದಳು. ಆದರೆ ಬಣ್ಣದ ಮನೆಯವರು ಬಿಸಿಲನ್ನು ನಂಬುವವರಲ್ಲ. ಬಣ್ಣ ಹಾಕಿದ ನೂಲನ್ನು ಅವರು ನೆರಳಲ್ಲೇ ಒಣಗಿಸುತ್ತಾರೆ, ಬಿಸಿಲು ಬಿದ್ದರೆ ಮಾಸುತ್ತದೆ. ಅತ್ತೆ ಅವಳಿಗೆ ಕಲಿಸಿದ ಮೊದಲ ಪಾಠವೇ ಅದು. ಮಡಕೆ ಮಾಡುವವನಿಗೆ ಬಣ್ಣದ ಕೆಲಸ ಏನು ಗೊತ್ತು ಎಂದುಕೊಂಡು ಅವಳು ಹೊಂಡದ ಮೇಲೆ ಬೇವಿನ ಸೊಪ್ಪಿನ ಚಪ್ಪರ ಹಾಕಿದಳು.

ನೀರು ತಿಳಿಯಾಯಿತು. ಅವಳು ತಲೆ ಬಾಚಿಕೊಂಡು ಬುತ್ತಿ ಕಟ್ಟಿದಳು. ಹೊರಡುವ ಹೊತ್ತಿಗೆ ಹೊಂಡದಲ್ಲಿ ಮತ್ತೆ ಕೆಂಪು.

"ಬುತ್ತಿ ಬಿಚ್ಚವ್ವ. ರೊಟ್ಟಿ ಒಣಗುತ್ತೆ, ನಿನ್ನ ನೀರು ತಿಳಿಯಾಗಲ್ಲ" ಎಂದಳು ಅತ್ತೆ.

"ರೊಟ್ಟಿ ಒಣಗಿದರೂ ತಿನ್ನಬಹುದು, ಅತ್ತೆ. ಅಲ್ಲಿ ನನ್ನವ್ವನೂ ಒಣಗುತ್ತಿದ್ದಾಳೆ."

ಅವಳು ಒಂದು ಬಿಲ್ಲೆ ಎತ್ತಿ ನೋಡಿದಳು. ಒಳಗೂ ಹೊರಗೂ ಕೆಂಪು. ಒಳ್ಳೆಯ ನೀರಲ್ಲಿ ಅದ್ದಿದರೆ ಆ ನೀರೂ ಕೆಂಪಾಯಿತು. ಮಣ್ಣು ಬಣ್ಣವನ್ನು ಕುಡಿದಿತ್ತು, ಅರಗಿಸಿಕೊಂಡಿರಲಿಲ್ಲ. ಕುಂಬಾರನಿಗೆ ಬಾಯಿಗೆ ಬಂದಂತೆ ಬೈದು, ಬುತ್ತಿ ಬಿಚ್ಚಿದಳು.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ, ಪಕ್ಕದ ಮನೆಯ ಆಡು ಚಪ್ಪರದ ಸೊಪ್ಪನ್ನು ಎಳೆದು ತಿನ್ನುತ್ತಿತ್ತು. ದಿನವೂ ಬರುತ್ತಿತ್ತೆಂದು ಕಾಣುತ್ತದೆ, ಒಂದು ಕಡೆ ಬರೀ ಬಿದಿರಿನ ಗಳು ಉಳಿದಿತ್ತು. ಅವಳು ಕೋಲು ಹಿಡಿದು ಓಡಿದವಳು ಹೊಂಡದ ಬಳಿ ನಿಂತುಬಿಟ್ಟಳು. ಆಡು ಮಾಡಿದ ಕಿಂಡಿಯಿಂದ ಬಿಸಿಲು ಬಿದ್ದು ಹಾದುಹೋದಷ್ಟು ಅಗಲಕ್ಕೆ ಬಿಲ್ಲೆಗಳು ಬೆಳ್ಳಗಾಗಿದ್ದವು. ನೆರಳಿನವು ಕೆಂಪಾಗಿಯೇ ಇದ್ದವು.

ಬಣ್ಣ ಹೋಗಲಿ ಎಂದು ಹಗಲೆಲ್ಲ ಬೇಡಿಕೊಂಡವಳು, ಬಣ್ಣ ತಿನ್ನುವ ಬಿಸಿಲಿಗೆ ತಾನೇ ಅಡ್ಡ ನಿಂತಿದ್ದಳು.

ಅವಳು ಕೋಲು ಬಿಸಾಡಿ, ಚಪ್ಪರವನ್ನು ಕೈಯಾರೆ ಎಳೆದು ಹಾಕಿದಳು. ಆಡಿಗೆ ಅಂದು ಹಬ್ಬ. ಹಳ್ಳಕ್ಕೆ ಹರಿಯುವ ಹೊಂಡದ ಬಾಯಿ ಕಟ್ಟಿ, ನೀರನ್ನು ಬಿಸಿಲಿಗೆ ಬಿಟ್ಟಳು. ಬಿಲ್ಲೆಗಳು ಬಣ್ಣ ಹಿಡಿದವು, ಬಿಸಿಲು ಅವುಗಳ ಮೇಲೆಯೇ ಅದನ್ನು ಮುರಿದು ಮುಗಿಸಿತು. ಖಾಲಿಯಾದ ಬಿಲ್ಲೆಗಳು ಮತ್ತೆ ಹಿಡಿದವು. ತಳದ ಬಿಳುಪು ಮೇಲಕ್ಕೆ ಕಂಡಾಗ ಅವಳು ಹೊಂಡದ ಬಾಯಿ ಬಿಚ್ಚಿ, ನೀರಿನ ಹಿಂದೆಯೇ ನಡೆದಳು.

ಅವ್ವ ಕೆರೆಯಲ್ಲಿ ಮೊಳಕಾಲುದ್ದ ನೀರಿಗೆ ಇಳಿದು ನಿಂತಿದ್ದಳು. ನೀರೊಳಗೆ ಅವಳ ಕಾಲುಂಗುರ ಕಾಣುತ್ತಿತ್ತು.

"ನೀರಿಗಿಂತ ತಡವಾಗಿ ಬಂದೆ" ಎಂದಳು. ಸೆರಗಿನಿಂದ ಮಗಳ ಮುಖದ ಬೆವರು ಒರೆಸಿದಳು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನಾನು ಇನ್ನೂ ಹೆಚ್ಚು ಜಪ ಮಾಡಬೇಕೇ, ಗುರುಗಳೇ?"

"ಮೊದಲು ಇದು ಹೇಳಪ್ಪ, ಈ ಮಠ ನಿನಗೆ ಬಿಸಿಲೋ, ಚಪ್ಪರವೋ?"