ರಾಕ್ಷಸ ಪ್ರಾಣ ಬಚ್ಚಿಟ್ಟ ಜಾಗ

ಏಳು ಸಮುದ್ರದಾಚೆಯ ಗುಹೆಯಲ್ಲಿ ಒಬ್ಬ ರಾಕ್ಷಸನಿದ್ದ. ಅವನ ಪ್ರಾಣ ಪಂಜರದ ಗಿಳಿಯಲ್ಲಿತ್ತು. ಯಾವ ಅಜ್ಜಿ ಕಥೆ ಹೇಳಿದರೂ ರಾಜಕುಮಾರ ಬಂದು ಗಿಳಿಯ ಕತ್ತು ಹಿಚುಕುತ್ತಿದ್ದ, ರಾಕ್ಷಸ ಸಾಯುತ್ತಿದ್ದ. ಮತ್ತೆ ಕಥೆ ಶುರುವಾದರೆ ಇಬ್ಬರೂ ಎದ್ದು ಕೂರುತ್ತಿದ್ದರು.

ಒಂದು ದಿನ ರಾಕ್ಷಸನಿಗೆ ರೇಗಿತು. "ಈ ಜಾಗ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಪ್ರಾಣವನ್ನು ಬೇರೆ ಕಡೆ ಇಡುತ್ತೇನೆ."

"ಇಡಿ, ಒಡೆಯಾ," ಎಂದಿತು ಗಿಳಿ. "ಆದರೆ ಗೊತ್ತಿರುವುದರಿಂದಲೇ ಎಲ್ಲರೂ ಇಲ್ಲಿಗೆ ಬರುತ್ತಾರೆ."

ರಾಕ್ಷಸ ಕೇಳಲಿಲ್ಲ. ಪ್ರಾಣವನ್ನು ಕಡಲ ತಳದ ಯಾವುದೋ ಕಲ್ಲಿನಲ್ಲಿಟ್ಟ. ಅಜ್ಜಿಯರು ಕಥೆಯನ್ನು ಹಾಗೇ ಹೇಳಿ ನೋಡಿದರು. ಪ್ರಾಣ ಎಲ್ಲಿದೆಯೆಂದು ತಿಳಿಯದ ಮಕ್ಕಳು ಹೂಂಗುಟ್ಟುವುದನ್ನೇ ನಿಲ್ಲಿಸಿದರು. ಹೂಂಗುಟ್ಟದಿದ್ದರೆ ಯಾವ ಅಜ್ಜಿಯೂ ಕಥೆ ಮುಂದುವರಿಸುವುದಿಲ್ಲ.

ರಾಕ್ಷಸ ಸಾಯಲಿಲ್ಲ. ಗುಹೆಗೆ ಯಾರೂ ಬರಲೂ ಇಲ್ಲ. ನೂರು ವರ್ಷ ಅವನು ತನ್ನ ಉಸಿರಿನ ಸದ್ದನ್ನೇ ಕೇಳುತ್ತ ಕೂತ.

ಕೊನೆಗೆ ಕಡಲಿಗಿಳಿದು, ಕಲ್ಲು ಒಡೆದು, ಪ್ರಾಣವನ್ನು ತಂದು ಗಿಳಿಯ ಮುಂದೆ ಹಿಡಿದ. "ತಗೋ, ನಿನ್ನಲ್ಲೇ ಇರಲಿ."

ಗಿಳಿ ಅದನ್ನು ನುಂಗಿತು.

ಸಮುದ್ರಗಳ ಆಚೆ ಎಲ್ಲೋ ಒಂದು ಮಗು ಹೂಂ ಎಂದಿತು. ರಾಕ್ಷಸ ಗಿಳಿಯ ಕತ್ತು ನೇವರಿಸಿದ. ಆಮೇಲೆ ಗುಹೆಯ ಬಾಗಿಲು ತೆರೆದು, ದಣಿದು ಬರುವ ರಾಜಕುಮಾರನ ಕಾಲಿಗೆಂದು ಒಂದು ಚೆಂಬು ನೀರಿಟ್ಟ.