ಹಾವಿಗೆ ಹೆದರಿದ ಗೂಡು

ಗೀಜಗಗಳಲ್ಲಿ ಗಂಡು ಗೂಡು ನೇಯಬೇಕು, ಹೆಣ್ಣು ಪರೀಕ್ಷಿಸಬೇಕು. ಹೆಣ್ಣು ಒಪ್ಪದ ಗೂಡು ಪಾಳು. ಒಂದು ಗಂಡು ಗೀಜಗ ಬಾವಿಯ ಮೇಲೆ ಬಾಗಿದ ಜಾಲಿಯ ಕೊಂಬೆಗೆ ಗೂಡು ನೇಯ್ದು ಹೆಣ್ಣನ್ನು ಕರೆಯಿತು.

"ಬಾವಿಯ ಮೇಲೇಕೆ ಕಟ್ಟಿದೆ?" ಎಂದಿತು ಹೆಣ್ಣು.

"ಹಾವು ಜಾರಿದರೆ ನೀರಿಗೇ ಬೀಳಲಿ ಎಂದು."

"ಬಾಗಿಲು ಕೆಳಗೇಕೆ?"

"ಕೊಂಬೆಯಿಂದ ಇಳಿದುಬಂದ ಹಾವಿಗೆ ಮತ್ತೆ ಮೇಲೇರಿ ಒಳಹೋಗಲಾಗದು."

"ಇಷ್ಟುದ್ದದ ಕೊಳವೆ ಏಕೆ?"

"ಅರ್ಧದಲ್ಲೇ ಹಾವಿಗೆ ಸುಸ್ತಾಗಲಿ ಎಂದು!" ಒಂದು ಪ್ರಶ್ನೆಗೂ ತಡವರಿಸದ ಗಂಡು ಎದೆಯುಬ್ಬಿಸಿತು.

ಹೆಣ್ಣು ಒಳಹೊಕ್ಕು ನೋಡಿ ಹೊರಬಂತು. "ಮೊಟ್ಟೆ ಎಲ್ಲಿಡಲಿ?"

ಗಂಡು ಗಡಬಡಿಸಿ ಒಳಗೆ ಇಣುಕಿತು. ತುದಿಯವರೆಗೂ ಬರೀ ಕೊಳವೆ. ಒಂದು ಮೊಟ್ಟೆ ನಿಲ್ಲುವಷ್ಟು ತಾವಿರಲಿಲ್ಲ.

ಹೆಣ್ಣು ರೆಕ್ಕೆ ಬಿಚ್ಚಿತು. "ಇದರಲ್ಲಿ ಸಂಸಾರ ಮಾಡಬೇಕಾದವಳು ನಾನು. ಕಟ್ಟುವಾಗ ನೀನು ನೆನೆದದ್ದು ಹಾವನ್ನು ಮಾತ್ರ."