ಸವಾರನಿಗೆ ಕಾಣದ ಮುಖ

ಸಂಜೆಯ ಪಾಠ ಮುಗಿದು ಎಲ್ಲರೂ ಎದ್ದು ಹೋದರು. ಬೆಳಿಗ್ಗೆ ಮಠಕ್ಕೆ ಬರುವ ಮಕ್ಕಳಿಗೆ ಪದ್ಯ ಕಲಿಸುವ ಶಾಂತವೀರನೆಂಬ ಶಿಷ್ಯ ಮಾತ್ರ ಕುಳಿತೇ ಇದ್ದ. ಗುರುಗಳು ಕಾದರು. ಅವನು ಕೇಳಿದ:

“ಗುರುಗಳೇ, ನೋಯಿಸಿದವರಿಗೆ ಮನಸಾರೆ ಕೃತಜ್ಞನಾಗಿರಲು ಸಾಧ್ಯವೇ? ನಿನ್ನೆ ಸಭೆಯಲ್ಲಿ ನಾನು ಒಂದು ಪದ್ಯಕ್ಕೆ ಅರ್ಥ ಹೇಳಿದೆ. ಅದು ತಪ್ಪೆಂದು, ನನಗಿಂತ ಎಷ್ಟೋ ತಡವಾಗಿ ಮಠಕ್ಕೆ ಬಂದ ಸಹಪಾಠಿ ಎಲ್ಲರ ಎದುರಿಗೆ ತೋರಿಸಿಕೊಟ್ಟ. ಅವನಿಗೆ ಕೈ ಮುಗಿ ಎಂದು ತಾವು ಹೇಳಿದಿರಿ. ಮುಗಿದೆ. ಆದರೆ ಕೈ ಮುಗಿಯಿತೇ ಹೊರತು ಮನಸ್ಸು ಮುಗಿಯಲಿಲ್ಲ. ಈ ಹೊತ್ತಿಗೂ ಒಳಗೆ ಕುದಿಯುತ್ತಿದೆ.”

ಗುರುಗಳು ಹೇಳಿದರು: “ಕುದಿಯುವುದನ್ನು ಮುಚ್ಚಿಡದೆ ಹೇಳಿದೆ. ಒಳ್ಳೆಯದಾಯಿತು. ಕುಳಿತುಕೋ. ಒಬ್ಬ ಛಾಯಾಗ್ರಾಹಕಿಯ ಕತೆ ಹೇಳುತ್ತೇನೆ.”

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಛಾಯಾಗ್ರಾಹಕಿ ಇದ್ದಳು. ಮದುವೆ, ನಾಮಕರಣಗಳಲ್ಲಿ ಫೋಟೋ ತೆಗೆಯುವುದು ಅವಳ ಕಸುಬು. ಆ ಊರಿಗೆ ಒಂದು ಪೋಲೋ ಮೈದಾನವಿತ್ತು. ಒಂದು ದಿನ ಅವಳು ಆ ದಾರಿಯಲ್ಲಿ ಹೋಗುವಾಗ ಆಟ ನಡೆಯುತ್ತಿತ್ತು. ಆಟಗಾರರು ಕುದುರೆಗಳ ಮೇಲೆ ಕುಳಿತು, ಉದ್ದನೆಯ ಕೋಲುಗಳಿಂದ ಚೆಂಡನ್ನು ಹೊಡೆಯುತ್ತ, ಮೈದಾನದ ಈ ತುದಿಯಿಂದ ಆ ತುದಿಗೆ ಧಾವಿಸುತ್ತಿದ್ದರು. ಅವಳು ಬೇಲಿಯ ಬಳಿ ನಿಂತಳು. ಆಟ ಮುಗಿದು ಜನ ಚದುರಿದ ಮೇಲೂ ನಿಂತೇ ಇದ್ದಳು. ಇದನ್ನು ಚಿತ್ರದಲ್ಲಿ ಹಿಡಿಯಲು ಬಂದರೆ ಸಾಕು, ಕಸುಬು ಕಲಿತದ್ದು ಸಾರ್ಥಕ ಎನ್ನಿಸಿತು.

ಮರುವಾರ ಕ್ಯಾಮೆರಾ ತಂದಳು. ಮದುವೆ ಮನೆಯಲ್ಲಿ ‘ಸ್ವಲ್ಪ ನಿಲ್ಲಿ, ಹಾರವನ್ನು ಇನ್ನೊಮ್ಮೆ ಹಾಕಿ, ಈ ಕಡೆ ನೋಡಿ’ ಎಂದರೆ ಮದುಮಕ್ಕಳು ಕೇಳುತ್ತಾರೆ. ಕುದುರೆಗಳು ಕೇಳಲಿಲ್ಲ. ಸಂಜೆಯವರೆಗೆ ಬಿಸಿಲಿನಲ್ಲಿ ನಿಂತು ಅವಳು ಸಂಪಾದಿಸಿದ್ದು ಕುದುರೆಗಳ ಬಾಲ, ಎದ್ದ ಧೂಳು, ಖಾಲಿ ಹುಲ್ಲು.

ಅದೇ ಮೈದಾನದ ಅಂಚಿನಲ್ಲಿ ಒಬ್ಬ ಹಿರಿಯ ಛಾಯಾಗ್ರಾಹಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಕುದುರೆಗಳ ಚಿತ್ರ ತೆಗೆಯುವುದರಲ್ಲೇ ಅವನ ತಲೆ ನರೆತಿತ್ತು. ಅವಳ ಪಾಡನ್ನು ಕಂಡು ಹತ್ತಿರ ಕರೆದ. ಅವಳು ತೆಗೆದದ್ದನ್ನೆಲ್ಲ ನೋಡಿದ. ನಗಲಿಲ್ಲ.

“ಚೆಂಡು ಎಲ್ಲಮ್ಮಾ?” ಎಂದು ಮಾತ್ರ ಕೇಳಿದ.

“ನಾನು ಗುಂಡಿ ಒತ್ತುವಷ್ಟರಲ್ಲಿ ಹೋಗಿಬಿಟ್ಟಿರುತ್ತದೆ.”

“ಕಂಡ ಮೇಲೆ ಒತ್ತಿದರೆ, ಕಂಡದ್ದು ಸಿಗುವುದಿಲ್ಲ. ಅದು ಎಲ್ಲಿಗೆ ಬರುತ್ತದೋ ಅಲ್ಲಿ ನೀನು ಮೊದಲೇ ಇರಬೇಕು. ಬಾ, ಇಲ್ಲಿ ಕೂತುಕೋ.”

ಪಕ್ಕದಲ್ಲಿ ಅವಳಿಗೆ ಜಾಗ ಮಾಡಿಕೊಟ್ಟ. ಅಂದಿನಿಂದ ಕಲಿಕೆ ಶುರುವಾಯಿತು. ಸೂರ್ಯನನ್ನು ಬೆನ್ನಿಗಿಟ್ಟುಕೊಳ್ಳುವುದನ್ನು ಅವಳು ಕಲಿತಳು. ಪೋಲೋದಲ್ಲಿ ಕೋಲು ಯಾವಾಗಲೂ ಬಲಗೈಯಲ್ಲೇ ಇರುತ್ತದೆ. ಆದ್ದರಿಂದ ಯಾವ ಬದಿಯಲ್ಲಿ ಕಾಯಬೇಕೆಂದು ಕಲಿತಳು. ಓಡುವ ಕುದುರೆಯ ಜೊತೆಗೆ ಕ್ಯಾಮೆರಾವನ್ನು ಬರೀ ಕೈಯಿಂದಲ್ಲ, ಸೊಂಟದಿಂದ ತಿರುಗಿಸಬೇಕು. ಅದನ್ನು ಕಲಿಯುವಾಗ ಬೆನ್ನು ನೋವಿನಿಂದ ಮಲಗಿದ್ದೂ ಉಂಟು. ಹಿರಿಯ ಅವಳನ್ನು ಕುದುರೆಗಳು ಬೇಲಿ ಹಾರುವ ಸ್ಪರ್ಧೆಗಳಿಗೂ ಕರೆದೊಯ್ದ. ಹಾರುವ ಮೊದಲು ಕುದುರೆಯ ಹೆಜ್ಜೆಯ ಲಯ ಬದಲಾಗುತ್ತದೆ. ಅಲ್ಲಿ ಕಣ್ಣು ಮುಚ್ಚಿಸಿ ಆ ಲಯವನ್ನು ಕೇಳಿಸಿದ. ಕ್ಯಾಮೆರಾ ಹಿಡಿದವಳಿಗೆ ಕಣ್ಣು ಮುಚ್ಚು ಎನ್ನುವ ಗುರು ಬೇರೆ ಯಾರಿದ್ದಾರೆ ಎಂದು ಅವಳು ನಕ್ಕಳು. ಆದರೆ ಮುಚ್ಚಿದಳು. ಅದರ ನಂತರ ಅವಳ ಚಿತ್ರಗಳಲ್ಲಿ ಕುದುರೆ ನೆಲ ಬಿಟ್ಟಿರುತ್ತಿತ್ತು.

ಒಂದು ದಿನ ಅವಳು ಕೇಳಿದಳು: “ಅಜ್ಜಾ, ನಿಮ್ಮ ಋಣವನ್ನು ಹೇಗೆ ತೀರಿಸಲಿ?”

ಅವನು ದೂರದಲ್ಲಿ ಕಟ್ಟಿದ್ದ ಕುದುರೆಗಳ ಕಡೆ ಕೈ ತೋರಿಸಿದ. “ಓಡುವುದು ಅವು. ನಾವು ಕೂತಿರುವವರು. ಋಣ ಇದ್ದರೆ ಅವುಗಳದ್ದು” ಎಂದ.

ಅವಳಿಗೆ ಆ ಮಾತು ಹಿರಿಯರ ವಿನಯದಂತೆ ಕೇಳಿಸಿತು. ಒಂದಲ್ಲ ಒಂದು ದಿನ, ಯಾವ ಕೊರತೆಯೂ ಇಲ್ಲದ ಒಂದು ಚಿತ್ರವನ್ನು ತೆಗೆದು ಅವನ ಕೈಗಿಡಬೇಕೆಂದು ಮನಸ್ಸಿನಲ್ಲೇ ಅಂದುಕೊಂಡಳು.

ಆ ಊರಿನ ತಂಡದ ನಾಯಕ ಒಬ್ಬ ಹೆಸರಾಂತ ಸವಾರ. ಪೋಲೋದಲ್ಲಿ ಒಂದೊಂದು ಸುತ್ತಿಗೂ ಕುದುರೆಯನ್ನು ಬದಲಾಯಿಸುತ್ತಾರೆ. ಕೊನೆಯ ಸುತ್ತಿಗೆಂದು ಅವನು ಉಳಿಸಿಕೊಳ್ಳುತ್ತಿದ್ದದ್ದು ಒಂದು ಹೊಂಬಣ್ಣದ ಹೆಣ್ಣು ಕುದುರೆ. ಅದರ ಹೆಸರು ಸಂಪಿಗೆ. ಅದನ್ನು ಮೈದಾನಕ್ಕೆ ತಂದರೆ ಜನ ಎದ್ದು ನಿಲ್ಲುತ್ತಿದ್ದರು.

ಆ ವರ್ಷದ ಅಂತಿಮ ಪಂದ್ಯ. ಎರಡೂ ತಂಡಗಳು ಸರಿಸಮ. ಆಟ ಮುಗಿಯುವ ಗಂಟೆ ಇನ್ನೇನು ಬಾರಿಸಬೇಕು. ಸವಾರ ಪೂರ್ತಿ ಓಟದಲ್ಲಿದ್ದ ಸಂಪಿಗೆಯನ್ನು ಗಕ್ಕನೆ ತಡೆದು, ನಿಂತ ಜಾಗದಲ್ಲೇ ತಿರುಗಿಸಿ, ಕೋಲು ಬೀಸಿದ. ಅವನು ತಿರುಗುವ ಜಾಗದ ಮೇಲೆ ಛಾಯಾಗ್ರಾಹಕಿ ಕ್ಯಾಮೆರಾವನ್ನು ಮೊದಲೇ ನೆಟ್ಟಿದ್ದಳು. ಗುಂಡಿ ಒತ್ತಿದಳು. ಚೆಂಡು ಗೋಲಿನೊಳಗೆ ಹೋಯಿತು.

ಆ ಚಿತ್ರದಲ್ಲಿ ಎಲ್ಲವೂ ಇತ್ತು. ಹಿಂಗಾಲುಗಳನ್ನು ಊರಿ ಮುಂಗಾಲುಗಳನ್ನು ಎತ್ತಿದ ಕುದುರೆ, ಬಿಲ್ಲಿನಂತೆ ಬಾಗಿದ ಕೋಲು, ಕೋಲಿನಿಂದ ಆಗಷ್ಟೇ ಬೇರೆಯಾದ ಚೆಂಡು, ಸವಾರನ ಮುಖದ ಛಲ. ಹಿರಿಯ ಅದನ್ನು ನೋಡಿ ಎದ್ದು ನಿಂತ. ಅವಳ ತಲೆಯ ಮೇಲೆ ಕೈಯಿಟ್ಟ. ಪತ್ರಿಕೆಗಳು ಅದನ್ನು ಅಚ್ಚು ಹಾಕಿದವು. ಕ್ಲಬ್ಬಿನವರು ಅದನ್ನು ದೊಡ್ಡದಾಗಿ ಮಾಡಿಸಿ, ಸವಾರನಿಗೆ ಸನ್ಮಾನ ಮಾಡುವ ದಿನ ಗೋಡೆಗೆ ಹಾಕಬೇಕೆಂದು ತೀರ್ಮಾನಿಸಿದರು.

ಸನ್ಮಾನದ ಹಿಂದಿನ ದಿನ ಅವಳು ಚಿತ್ರದ ಒಂದು ಪ್ರತಿಯನ್ನು ಕಟ್ಟು ಹಾಕಿಸಿಕೊಂಡು ಸವಾರನ ಲಾಯಕ್ಕೆ ಹೋದಳು. ಅವನ ಸಂತೋಷವನ್ನು ಕಣ್ಣಾರೆ ನೋಡಬೇಕೆಂಬ ಆಸೆ. ಸವಾರ ನಗುತ್ತ ಚಿತ್ರವನ್ನು ಕೈಗೆ ತೆಗೆದುಕೊಂಡ. ನೋಡುತ್ತ ನೋಡುತ್ತ ಅವನ ನಗು ಹೋಯಿತು.

“ಇದರಲ್ಲಿ ನೀವು ಏನನ್ನು ನೋಡಿದಿರಿ?” ಎಂದು ಕೇಳಿದ.

“ನಿಮ್ಮ ಗೆಲುವನ್ನು.”

ಅವನು ಚಿತ್ರವನ್ನು ಅವಳ ಕಡೆ ತಿರುಗಿಸಿ ಸಂಪಿಗೆಯ ಬಾಯಿಯ ಮೇಲೆ ಬೆರಳಿಟ್ಟ. ಬಾಯಿ ಪೂರ್ತಿ ತೆರೆದಿತ್ತು. ಎಳೆದ ಲಗಾಮಿಗೆ ಕಬ್ಬಿಣದ ಕಡಿವಾಣ ತುಟಿಯ ಅಂಚನ್ನು ಸೀಳುವಂತೆ ಒತ್ತಿತ್ತು. ನಾಲಿಗೆ ಮಡಚಿ ಹೋಗಿತ್ತು. ಕಣ್ಣಿನ ಬಿಳಿ ಹೊರಳಿತ್ತು.

ಅವಳು ಆ ಚಿತ್ರವನ್ನು ಎಷ್ಟು ಸಲ ನೋಡಿದ್ದಳೋ ಲೆಕ್ಕವಿಲ್ಲ. ಆ ಬಾಯಿ ಅವಳಿಗೆ ಕಂಡಿರಲಿಲ್ಲ.

“ಇದನ್ನು ತೆಗೆದುಕೊಂಡು ಹೋಗಿ” ಎಂದು ಸವಾರ ಗದರಿದ. “ನನ್ನ ಮರ್ಯಾದೆ ತೆಗೆಯಲು ನಿಮಗೆ ಯಾರು ಹೇಳಿದರು? ಇನ್ನು ಈ ಕಡೆ ಬರಬೇಡಿ.”

ಅವಳು ಅಳುತ್ತ ಹಿರಿಯನ ಮನೆಗೆ ಬಂದಳು. ಅವನು ಕನ್ನಡಕ ಹಾಕಿಕೊಂಡು ಚಿತ್ರವನ್ನು ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ. “ನನಗೂ ಕಾಣಲಿಲ್ಲವಲ್ಲಮ್ಮಾ” ಎಂದ.

ಸನ್ಮಾನದ ಸಭೆಗೆ ಸವಾರ ಬರಲಿಲ್ಲ. ಮೈ ಹುಷಾರಿಲ್ಲವೆಂದು ಹೇಳಿ ಕಳುಹಿಸಿದ. ಚಿತ್ರವನ್ನು ಗೋಡೆಗೆ ಹಾಕಿದರು. ಜನ ಅದರ ಮುಂದೆ ನಿಂತು ಚಪ್ಪಾಳೆ ತಟ್ಟಿದರು. ಯಾರಿಗೂ ಬಾಯಿ ಕಾಣಲಿಲ್ಲ. ಹೊಗಳಿದವರಿಗೆಲ್ಲ ಅವಳು ತಲೆ ತಗ್ಗಿಸಿ ನಮಸ್ಕಾರ ಮಾಡಿ ಮನೆಗೆ ಬಂದಳು. ಮೈದಾನಕ್ಕೆ ಹೋಗುವುದನ್ನು ನಿಲ್ಲಿಸಿದಳು. ಕಲಿತದ್ದೆಲ್ಲ ಇದಕ್ಕೇ ಆಯಿತೇ ಎಂದು ಕೊರಗಿದಳು.

ಕೆಲವು ದಿನಗಳ ಮೇಲೆ ಸವಾರ ತಾನೇ ಅವಳ ಮನೆ ಹುಡುಕಿಕೊಂಡು ಬಂದ. ಒಳಗೆ ಕರೆದರೂ ಬರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದ:

“ಅಂದು ನಿಮ್ಮನ್ನು ಗದರಿ ಕಳುಹಿಸಿದೆ. ಕೋಪ ಇಳಿಯಲಿಲ್ಲ. ನಿಮ್ಮ ಚಿತ್ರ ಸುಳ್ಳೆಂದು ಸಾಧಿಸಬೇಕೆಂದು ಸಂಪಿಗೆಯ ತುಟಿ ಎತ್ತಿ ನೋಡಿದೆ. ಹುಣ್ಣಿತ್ತು ತಾಯಿ. ಹಳೆಯದರ ಮೇಲೆ ಹೊಸದು. ನನಗಾಗಿ ಅಷ್ಟು ಓಡಿದವಳು. ನಾನು ತುಟಿ ಮುಟ್ಟಿದರೆ ಹೆದರಿ ಹಿಂದೆ ಸರಿದಳು. ಆಮೇಲೆ ತಾನೇ ಮುಂದೆ ಬಂದು ನನ್ನ ಅಂಗೈ ಮೂಸಿದಳು.”

ತನ್ನ ಅಂಗೈಯನ್ನು ನೋಡಿಕೊಂಡು ಅವನು ಮುಂದುವರಿಸಿದ.

“ಜೀನಿನ ಮೇಲೆ ಕೂತವನಿಗೆ ಕುದುರೆಯ ಕಿವಿ ಕಾಣುತ್ತದೆ, ಕುತ್ತಿಗೆ ಕಾಣುತ್ತದೆ. ಮುಖ ಕಾಣುವುದಿಲ್ಲ. ಇಷ್ಟು ವರ್ಷ ಸವಾರಿ ಮಾಡಿದೆ. ಓಡುವಾಗ ಅವಳ ಮುಖ ಹೇಗಿರುತ್ತದೆಂದು ನಾನು ನೋಡಿಯೇ ಇಲ್ಲ. ನಿಮಗೆ ಕಾಣುತ್ತದೆ. ದಯವಿಟ್ಟು ಬಂದು ನನಗೆ ತೋರಿಸಿ.”

ಹುಣ್ಣು ಮಾಯುವವರೆಗೆ ಅವನು ಸಂಪಿಗೆಯ ಬಾಯಿಗೆ ಕಬ್ಬಿಣ ಹಾಕಲಿಲ್ಲ. ಮಾಯ್ದ ಮೇಲೆ, ಮೃದುವಾದ ಕಡಿವಾಣವನ್ನು ಹಾಕಿ, ಸವಾರಿಯನ್ನು ಮೊದಲಿನಿಂದ ಕಲಿಯತೊಡಗಿದ. ದಿನವೂ ಬೆಳಿಗ್ಗೆ ಛಾಯಾಗ್ರಾಹಕಿ ಮೈದಾನಕ್ಕೆ ಬಂದು ಎದುರಿಗೆ ನಿಲ್ಲುತ್ತಿದ್ದಳು. ಈಗ ಅವಳು ಚೆಂಡನ್ನು ನೋಡುತ್ತಿರಲಿಲ್ಲ, ಕೋಲನ್ನೂ ನೋಡುತ್ತಿರಲಿಲ್ಲ. ಬಾಯಿ, ಕಣ್ಣು, ಇಷ್ಟೇ. ಸವಾರಿ ಮುಗಿದ ಮೇಲೆ ಇಬ್ಬರೂ ಕುಳಿತು ಚಿತ್ರಗಳನ್ನು ನೋಡುತ್ತಿದ್ದರು. ಕೆಲವು ದಿನ ಚಿತ್ರ ಕೆಟ್ಟದಾಗಿರುತ್ತಿತ್ತು. ತೋರಿಸಲು ಅವಳು ಹಿಂಜರಿಯುತ್ತಿದ್ದಳು. ಅವನೇ ಕೈ ಚಾಚುತ್ತಿದ್ದ. ನೋಡಿ ಅವನ ಮುಖ ಕಪ್ಪಿಡುತ್ತಿತ್ತು. ಮರುದಿನ ಮತ್ತೆ ಬರುತ್ತಿದ್ದ.

ತಂಡದವರು ನಕ್ಕರು. ಗೆಲ್ಲುವ ಕೈಗೆ ಮಂಕು ಹಿಡಿದಿದೆ ಎಂದರು. ನಾಯಕನ ಸ್ಥಾನ ಬೇರೆಯವರಿಗೆ ಹೋಯಿತು. ಅದೊಂದು ವರ್ಷ ಅವನು ಪಂದ್ಯಗಳನ್ನು ಬೇಲಿಯ ಹೊರಗೆ ನಿಂತು ನೋಡಿದ. ಆಗ ಅವನ ಪಕ್ಕದಲ್ಲಿ ಆ ಹಿರಿಯ ಛಾಯಾಗ್ರಾಹಕ ಬಂದು ಕೂರುತ್ತಿದ್ದ. ಮನೆಯಿಂದ ತಂದ ಚಹಾವನ್ನು ಇಬ್ಬರೂ ಹಂಚಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಸವಾರ ಪೂರ್ತಿ ಓಟದಲ್ಲಿ ಸಂಪಿಗೆಯನ್ನು ತಡೆದು ತಿರುಗಿಸಿದ. ಅವಳು ಗುಂಡಿ ಒತ್ತಿದಳು. ಚಿತ್ರದಲ್ಲಿ ಕುದುರೆಯ ಬಾಯಿ ಮುಚ್ಚಿತ್ತು. ಲಗಾಮು ಸಡಿಲವಾಗಿತ್ತು. ಕಣ್ಣು ಶಾಂತವಾಗಿ ತಾನು ಹೋಗುವ ದಾರಿಯನ್ನು ನೋಡುತ್ತಿತ್ತು.

ಸವಾರ ಅದನ್ನು ನೋಡಿ, ಹೋಗಿ ಸಂಪಿಗೆಯ ಕುತ್ತಿಗೆಗೆ ಹಣೆ ಒತ್ತಿ ನಿಂತ. ಆಮೇಲೆ ತಿರುಗಿ ಛಾಯಾಗ್ರಾಹಕಿಗೆ ಕೈ ಮುಗಿದ.

“ನನ್ನನ್ನು ಹೊಗಳಿದವರು ಬಹಳ ಮಂದಿ. ಅವರ ಹೊಗಳಿಕೆಯಲ್ಲಿ ಇವಳ ಹುಣ್ಣು ಬೆಳೆಯಿತು. ನೀವು ಆ ಚಿತ್ರ ತಂದುಕೊಟ್ಟದ್ದನ್ನು ಈಗ ದಿನವೂ ನೆನೆಯುತ್ತೇನೆ.”

ಅವಳೂ ಕೈ ಮುಗಿದಳು. “ನಾನು ತಂದದ್ದು ನಿಮ್ಮ ಗೆಲುವಿನ ಚಿತ್ರ. ಅದರಲ್ಲಿ ಇವಳನ್ನು ತೋರಿಸಿದವರು ನೀವು. ಅಂದಿನಿಂದ ನನ್ನ ಕಣ್ಣು ಕಣ್ಣಾಯಿತು.”

ಇಬ್ಬರೂ ಕೈ ಮುಗಿದು ನಿಂತದ್ದನ್ನು ನೋಡಿ, ದೂರದಲ್ಲಿ ಕೂತಿದ್ದ ಹಿರಿಯ ಸಂತೋಷದಿಂದ ಕಣ್ಣೊರೆಸಿಕೊಂಡ.

ಮುಂದಿನ ವರ್ಷ ಸವಾರ ಮತ್ತೆ ಆಡಿದ. ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಕ್ಲಬ್ಬಿನ ಗೋಡೆಯ ಮೇಲಿದ್ದ ಚಿತ್ರವನ್ನು ಅವನು ಕೇಳಿ ಪಡೆದುಕೊಂಡ. ಸುಡುತ್ತಾನೆಂದು ಎಲ್ಲರೂ ತಿಳಿದರು. ಅವನು ಅದನ್ನು ಲಾಯದಲ್ಲಿ, ಲಗಾಮುಗಳನ್ನು ತೂಗುಹಾಕುವ ಗೂಟದ ಪಕ್ಕದಲ್ಲಿ ಹಾಕಿಸಿದ. ಲಗಾಮು ತೆಗೆದುಕೊಳ್ಳುವಾಗಲೆಲ್ಲ ಅದಕ್ಕೆ ಕೈ ಮುಗಿಯುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಾಂತವೀರ ಯೋಚಿಸಿ ಕೇಳಿದ: “ಮೊದಲು ಅವನೂ ಗದರಿದನಲ್ಲ, ಗುರುಗಳೇ. ಅವನಿಗೆ ಕೃತಜ್ಞತೆ ಬಂದದ್ದು ಯಾವಾಗ?”

“ತನ್ನ ನೋವಿನಿಂದ ಕಣ್ಣು ತೆಗೆದು ಕುದುರೆಯ ನೋವನ್ನು ನೋಡಿದಾಗ.”

“ಹಾಗಾದರೆ ಅವನ ಮಾತು ಬೇರೆ. ಅವನ ಕೈಯಲ್ಲಿ ಒಂದು ಜೀವವಿತ್ತು. ನನ್ನದು ಬರೀ ಪದ್ಯದ ಅರ್ಥ. ನನ್ನ ತಪ್ಪಿನಿಂದ ಯಾರಿಗೂ ಗಾಯವಾಗಲಿಲ್ಲವಲ್ಲ.”

ಗುರುಗಳು ಅವನ ಮುಖವನ್ನು ಪ್ರೀತಿಯಿಂದ ನೋಡಿ ಹೇಳಿದರು:

“ದಿನವೂ ಬೆಳಿಗ್ಗೆ ನಿನ್ನಿಂದ ಪದ್ಯ ಕಲಿಯಲು ಬರುವ ಮಕ್ಕಳು ಯಾವ ಅರ್ಥವನ್ನು ಮನೆಗೆ ಹೊತ್ತುಕೊಂಡು ಹೋಗುತ್ತಿದ್ದರು, ಶಾಂತವೀರಾ?”

ಶಾಂತವೀರ ಎದ್ದು ಸಹಪಾಠಿಯನ್ನು ಹುಡುಕಿಕೊಂಡು ಹೋದ.